ಒದ್ದೆಯಂತೆ ಕಾಣುವ ರಸ್ತೆ

2021ರ ಫೆಬ್ರುವರಿ 11ರ ನಸುಕಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದ ಹೆದ್ದಾರಿಯೊಂದರಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿಕೊಂಡು ಆರು ಮಂದಿ ಸತ್ತರು. ಹಾದಿ ಮುಚ್ಚುವಷ್ಟು ಹಿಮವೇನೂ ಅಂದು ಬಿದ್ದಿರಲಿಲ್ಲ. ಆಗಿದ್ದು ತೆಳು ಮಳೆ, ನೆಲ ಮುಟ್ಟಿದೊಡನೆ ಗಟ್ಟಿಯಾಗುವ ಮಳೆ. ಬೆಳ್ಳಗೆ ರಾಶಿ ಬಿದ್ದ ಹಿಮವನ್ನು ಕಂಡರೆ ಯಾರಾದರೂ ವೇಗ ತಗ್ಗಿಸುತ್ತಾರೆ. ಡಾಂಬರಿನ ಕಪ್ಪನ್ನೇ ತೋರಿಸುವ ತೆಳ್ಳನೆಯ ಗಾಜಿನಂಥ ಪದರಕ್ಕೆ, ಅಂದರೆ ಬ್ಲ್ಯಾಕ್ ಐಸ್‌ಗೆ, ಆ ಮರ್ಯಾದೆ ಸಿಗುವುದಿಲ್ಲ. ನೋಡಿದವರಿಗೆ ಅದು ಬರೀ ಒದ್ದೆ ರಸ್ತೆ. ಹಾಗಾಗಿ ಚಳಿನಾಡಿನ ರಸ್ತೆಯಲ್ಲಿ ಕಣ್ಣಿಗಿಂತ ಥರ್ಮಾಮೀಟರನ್ನು ನಂಬಬೇಕು ಎನ್ನುವುದು ನನ್ನ ವಾದ.

ಲೆಕ್ಕವೇ ಹೆದರಿಸುವಂತಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು, ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 15 ಮೀಟರಿನಲ್ಲಿ ನಿಂತರೆ, ನೀರಾಡುವ ಮಂಜುಗಡ್ಡೆಯ ಮೇಲೆ ಅದಕ್ಕೆ 100 ಮೀಟರ್ ಬೇಕಾಗಬಹುದು. ವಿಚಿತ್ರವೆಂದರೆ ಮೈನಸ್ 20 ಡಿಗ್ರಿಯ ಗಡ್ಡೆಗಿಂತ ಸೊನ್ನೆಯ ಆಸುಪಾಸಿನದೇ ಹೆಚ್ಚು ಜಾರುತ್ತದೆ, ಮೇಲೊಂದು ನೀರಿನ ಪೊರೆ ಇರುತ್ತದಲ್ಲ! ಸೇತುವೆಗಳದ್ದು ಇನ್ನೊಂದು ಕಥೆ. ನೆಲದ ಮೇಲಿನ ರಸ್ತೆಗೆ ಮಣ್ಣಿನ ಬಿಸಿ ಒಂದಿಷ್ಟು ಆಸರೆ. ಸೇತುವೆಗೆ ಮೇಲೂ ತಣ್ಣನೆ ಗಾಳಿ, ಕೆಳಗೂ ತಣ್ಣನೆ ಗಾಳಿ. ಹತ್ತು ಮೈಲಿ ಸಲೀಸಾಗಿ ಬಂದ ಚಾಲಕ ಹನ್ನೊಂದನೆಯದರಲ್ಲಿ ಮೋಸಹೋಗುವುದು ಹೀಗೆ.

ಉಪ್ಪು ಹಾಕಿರುತ್ತಾರಲ್ಲ ಎನ್ನಬಹುದು. ಫೋರ್ಟ್ ವರ್ತ್‌ನಲ್ಲೂ ಮೊದಲೇ ಉಪ್ಪುನೀರು ಸಿಂಪಡಿಸಿದ್ದರು. ಆದರೆ ನೀರು ಹೆಪ್ಪುಗಟ್ಟುವ ಮಟ್ಟವನ್ನು ಉಪ್ಪು ಕೆಳಗಿಳಿಸುತ್ತದೆ, ಅಷ್ಟೆ. ಮೇಲೆ ಮಳೆ ಸುರಿದರೆ ಆ ಉಪ್ಪುನೀರು ತೆಳುವಾಗುತ್ತದೆ. ನನ್ನದು ನಾಲ್ಕೂ ಚಕ್ರ ಎಳೆಯುವ ಗಾಡಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ: ಹೊರಡಲು ಅದು ನೆರವಾಗುತ್ತದೆ, ನಿಲ್ಲಲು ಅಲ್ಲ. ಚಳಿಯಲ್ಲೂ ಮೆದುವಾಗಿರುವ ರಬ್ಬರಿನ ವಿಂಟರ್ ಟೈರು ಅದಕ್ಕಿಂತ ಮೇಲು. ಹಿಮ, ಮಂಜುಗಡ್ಡೆ ಇರುವಾಗ ಅಂಥ ಟೈರಿಲ್ಲದೆ ಓಡಿಸುವುದು ಜರ್ಮನಿಯಲ್ಲಿ ಕಾನೂನಿಗೆ ವಿರುದ್ಧ. ಇನ್ನು ಅನುಭವದ ಮಾತು. ಆಗುಂಬೆ ಘಾಟಿಯ ಜಡಿಮಳೆಯಲ್ಲಿ ಪಳಗಿದ ಕೈ ಡಲ್ಲಾಸ್‌ನಲ್ಲೋ ಮನಾಲಿಯಲ್ಲೋ ಹೊಳೆಯುವ ರಸ್ತೆ ಕಂಡರೆ ಮಳೆ ಎಂದೇ ಓದುತ್ತದೆ. ಆ ಓದೇ ಅಲ್ಲಿ ತಪ್ಪು.

ಪ್ರತಿ ಚಳಿಗೂ ಮನೆಯಲ್ಲೇ ಕೂತರೆ ಹೊಟ್ಟೆ ತುಂಬೀತೇ ಎಂಬ ಆಕ್ಷೇಪ ಮಾತ್ರ ತೂಕದ್ದು. ಬೆಳಗಿನ ಪಾಳಿಯವರಿಗೆ ಬಿಸಿಲೇರುವ ತನಕ ಕಾಯುವ ಭಾಗ್ಯವಿಲ್ಲ. ಅಂಥವರು ಕಾರಿನ ಫಲಕ ಮೂರು ನಾಲ್ಕು ಡಿಗ್ರಿ ತೋರಿಸುತ್ತಿದ್ದಂತೆಯೇ ಹೊಳೆಯುವುದೆಲ್ಲ ಮಂಜುಗಡ್ಡೆ ಎಂದುಕೊಳ್ಳುವುದು ಲೇಸು. ರಸ್ತೆ ಒದ್ದೆಯಿದ್ದೂ ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮದಿದ್ದರೆ ಅನುಮಾನವೇ ಬೇಡ. ಆಗ ಗಕ್ಕನೆ ಬ್ರೇಕ್ ತುಳಿಯದೆ, ಸ್ಟೀರಿಂಗ್ ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು. ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ ಎಂಬ ಫಲಕಗಳು ಅಮೆರಿಕದ ಹೆದ್ದಾರಿಗಳಲ್ಲಿ ಸಾಲುಸಾಲಾಗಿವೆ. ಎಷ್ಟೋ ಕಡೆ ಅವು ಸುಡು ಬೇಸಿಗೆಯಲ್ಲೂ ಹಾಗೇ ನಿಂತಿರುತ್ತವೆ. ದಿನವೂ ಓದಿದವರಿಗೆ ಜನವರಿಯ ಹೊತ್ತಿಗೆ ಅವು ಕಾಣಿಸುವುದೇ ನಿಂತಿರುತ್ತದೆ.