ಹೊಟ್ಟೆ ಚಿಕ್ಕದಾದರೆ ಬಯಕೆಯೂ ಚಿಕ್ಕದಾಗುವುದೇ?

‘ಹೊಟ್ಟಿ ಕೊಯ್ಸಿಕೊಂಡು ಬಂದ್ರೂ ಬಾಯಿ ಚಟ ಹೋಗಿಲ್ಲ ನೋಡ್ರಿ.’ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಬಗ್ಗೆ ಮನೆಯವರು ಹೀಗೆ ಆಡಿಕೊಳ್ಳುವುದುಂಟು. ಜಠರವನ್ನೇ ಕತ್ತರಿಸಿದ ಮೇಲೆ ಮಿರ್ಚಿ ಭಜಿಯ ಆಸೆ ಎಲ್ಲಿಂದ ಬರುತ್ತದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ, ಆಡಿಕೊಳ್ಳುವುದು ಮಾತ್ರ ಸರಿಯಲ್ಲ.

ಹಸಿವು ಬೇರೆ, ಬಯಕೆ ಬೇರೆ. ಹಸಿದವರಿಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟರೆ ಸಮಾಧಾನವಾಗುತ್ತದೆ. ಬಯಕೆಗೆ ಹಾಗಲ್ಲ, ಅದಕ್ಕೆ ಅದೇ ತಿನಿಸು ಬೇಕು. ಊಟ ಮುಗಿಸಿ ಹೊರಬಂದವರೂ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದೊಡನೆ ಒಗ್ಗರಣಿ-ಮಿರ್ಚಿ ಅಂಗಡಿಯ ಕಡೆ ತಿರುಗುತ್ತಾರಲ್ಲ, ಅದು ಹಸಿವಲ್ಲ. ಹಸಿವನ್ನು ಮುಖ್ಯವಾಗಿ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗ ನೋಡಿಕೊಳ್ಳುತ್ತದೆ. ಬಯಕೆಯ ಹಿಂದೆ ಸುಖದ ನಿರೀಕ್ಷೆಯನ್ನು ಹುಟ್ಟಿಸುವ ಬೇರೆ ಕೇಂದ್ರಗಳಿವೆ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕಾರುಬಾರು.

ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆ. ‘ಸ್ಲೀವ್’ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಬಾಳೆಹಣ್ಣಿನಂತಹ ಕೊಳವೆಯನ್ನು ಉಳಿಸುತ್ತಾರೆ. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಆರಂಭಿಸಿದ ‘ಬೈಪಾಸ್’ ವಿಧಾನದ ಇಂದಿನ ರೂಪದಲ್ಲಿ, ಜಠರದ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಚೀಲ ಮಾಡಿ ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಜಾಗ ಕಡಿಮೆ, ಆದ್ದರಿಂದ ಊಟ ಕಡಿಮೆ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಸಂಗತಿ ಅಷ್ಟು ಸರಳವಲ್ಲ.

1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಿಂದಲೇ ಸ್ರವಿಸುವ ಘ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹೊಟ್ಟೆ ಖಾಲಿಯಾದಾಗ ಮಿದುಳಿಗೆ ‘ಊಟದ ಹೊತ್ತಾಯಿತು’ ಎಂದು ಸುದ್ದಿ ಒಯ್ಯುವುದು ಇದೇ. ಬರೀ ಪಥ್ಯದಿಂದ ತೂಕ ಇಳಿಸಿದವರಲ್ಲಿ ಘ್ರೆಲಿನ್ ಏರುತ್ತದೆ. ದೇಹ ಬರಗಾಲ ಬಂತೆಂದು ತಿಳಿಯುತ್ತದೆ. ಕಷ್ಟಪಟ್ಟು ಇಳಿಸಿದ ಹತ್ತು ಕಿಲೋ ಮತ್ತೆ ಏರುವುದಕ್ಕೆ ಇದೂ ಒಂದು ಕಾರಣ. ಸ್ಲೀವ್‌ನಲ್ಲಿ ಘ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೇ ಹೋಗಿಬಿಡುತ್ತದೆ. ಜೊತೆಗೆ ಎರಡೂ ವಿಧಾನಗಳಲ್ಲಿ ಆಹಾರ ಬೇಗನೆ ಕರುಳಿಗೆ ಇಳಿದು, ‘ಸಾಕು’ ಎನ್ನುವ ಜಿಎಲ್‌ಪಿ-1ರಂತಹ ಹಾರ್ಮೋನುಗಳು ಹೆಚ್ಚುತ್ತವೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಅನುಕರಿಸುವುದೂ ಇದನ್ನೇ.

2014ರಲ್ಲಿ ಲಂಡನ್ನಿನ ಸಂಶೋಧಕರು ಶಸ್ತ್ರಚಿಕಿತ್ಸೆಯಾದವರಿಗೆ ತಿನಿಸುಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಜಠರಕ್ಕೆ ಬರೀ ಪಟ್ಟಿ ಬಿಗಿಸಿಕೊಂಡವರಿಗಿಂತ ಬೈಪಾಸ್ ಆದವರಲ್ಲಿ, ಜಿಡ್ಡು-ಸಿಹಿ ತಿನಿಸು ಕಂಡಾಗ ಸುಖದ ಕೇಂದ್ರಗಳು ಕಡಿಮೆ ಚುರುಕಾಗಿದ್ದವು. ಕತ್ತರಿ ಆಡಿದ್ದು ಹೊಟ್ಟೆಯಲ್ಲಿ, ಬದಲಾವಣೆ ಕಂಡದ್ದು ತಲೆಯಲ್ಲಿ!

ಆದರೆ ಈ ಅನುಕೂಲ ಎಲ್ಲರಿಗೂ ಒಂದೇ ಸಮನಾಗಿ, ಸದಾಕಾಲ ಉಳಿಯುವುದಿಲ್ಲ. ಒಂದೆರಡು ವರ್ಷಗಳ ನಂತರ ಹಲವರಲ್ಲಿ ಬಯಕೆ ಮೆಲ್ಲಗೆ ಮರಳುತ್ತದೆ. ರೊಟ್ಟಿ ಎರಡು ತುತ್ತಿಗೇ ಸಾಕೆನಿಸಿದರೂ ಐಸ್‌ಕ್ರೀಮು, ಸಿಹಿ ಪಾನೀಯಗಳು ಸಲೀಸಾಗಿ ಇಳಿಯುತ್ತವೆ. ಬೈಪಾಸ್ ಆದವರು ಹಬ್ಬದ ದಿನ ಹೋಳಿಗೆ ತಿಂದೊಡನೆ ಎದೆ ಬಡಿತ ಹೆಚ್ಚಿ, ಬೆವೆತು, ಭೇದಿಯಾಗಿ ಮಲಗುವುದೂ ಉಂಟು. ‘ಒಂದೇ ಒಂದು ತಿನ್ನು’ ಎಂದು ಒತ್ತಾಯಿಸುವ ಅತ್ತೆಯವರು ಇದನ್ನು ಗಮನಿಸಬೇಕು. ಮದ್ಯವಂತೂ ಬೈಪಾಸ್ ಆದವರಲ್ಲಿ ಬೇಗ ರಕ್ತಕ್ಕೆ ಸೇರುತ್ತದೆ. ಊಟದ ಚಟ ಹೋಗಿ ಕುಡಿತದ ಚಟ ಅಂಟಿದವರಿದ್ದಾರೆ.

ಇನ್ನೊಂದು ಬಯಕೆಯ ಬಗ್ಗೆ ಎಚ್ಚರವಿರಲಿ. ಬಳಪ, ಮಣ್ಣು, ಹಸಿ ಅಕ್ಕಿ, ಐಸ್ ತುಂಡು ತಿನ್ನುವ ಆಸೆ ಹುಟ್ಟಿದರೆ ಅದನ್ನು ಬಾಯಿ ಚಟವೆಂದು ಬೈಯಬೇಡಿ. ಹಲವು ಸಲ ಅದು ಕಬ್ಬಿಣಾಂಶ ಕಡಿಮೆಯಾದುದರ ಗುರುತು. ರಕ್ತಹೀನತೆ ನಮ್ಮ ಭಾಗದ ಹೆಂಗಸರಲ್ಲಿ ಮೊದಲೇ ಹೆಚ್ಚು, ಶಸ್ತ್ರಚಿಕಿತ್ಸೆಯ ನಂತರ ಕಬ್ಬಿಣ ಹೀರಿಕೆ ಇನ್ನೂ ತಗ್ಗುತ್ತದೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಜೀವನಪೂರ್ತಿ ತೆಗೆದುಕೊಳ್ಳಬೇಕಾಗುತ್ತದೆ, ‘ಈಗ ಆರಾಮ ಆಗೀನಿ’ ಎಂದು ಬಿಡುವಂತಿಲ್ಲ.

ಕಷ್ಟವೆಂದರೆ, ಗುಂಜಹಳ್ಳಿಯಂತಹ ಊರಿನವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ, ತೊಂದರೆಯಾದಾಗ ತೋರಿಸುವುದು ಹತ್ತಿರದ ದವಾಖಾನೆಗೆ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಬಿ1 ಜೀವಸತ್ವ ಬರಿದಾಗಿ ಕಣ್ಣು ಎರಡೆರಡಾಗಿ ಕಾಣಬಹುದು, ನಡಿಗೆ ತೂರಾಡಬಹುದು, ಮಾತು ಗೊಂದಲವಾಗಬಹುದು. ಆಗ ಬಿ1 ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿಗೆ ಅಪಾಯ ಹೆಚ್ಚಬಹುದು. ಶಸ್ತ್ರಚಿಕಿತ್ಸೆಯ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿರಿ, ಸೂಜಿ ಚುಚ್ಚುವ ಮೊದಲೇ ವೈದ್ಯರಿಗೆ ತೋರಿಸಿ.