ಎಣ್ಣೆ ಬದಲಿಸೋದಾ, ಶಾಕ್ ಬದಲಿಸೋದಾ?

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ. ಶೀಟು ಹೊದಿಸಿದ ಗ್ಯಾರೇಜಿನೊಳಗೆ ಬೂದು ಬಣ್ಣದ ಮೋರಿಸ್ ಮೈನರ್ ಒಂದು ಮೂತಿ ಎತ್ತಿ ನಿಂತಿದೆ. ಮುಂದಿನ ಚಕ್ರಗಳೆರಡೂ ಕಳಚಿ ಗೋಡೆಗೆ ಒರಗಿವೆ. ಟೈರಿನ ಮೇಲೆ ಅಂಗೈ ಆಡಿಸಿದರೆ ಅಲ್ಲಲ್ಲಿ ಗುಳಿ ಬಿದ್ದಿರುವುದು ತಿಳಿಯುತ್ತದೆ. ಚಕ್ರ ರಸ್ತೆಗೆ ಅಂಟಿಕೊಳ್ಳದೆ ಕುಣಿಯುತ್ತ ಓಡಿದ್ದರ ಗುರುತು ಅದು. ಗಾಡಿ ಅಜ್ಜನದು, ಈಗ ಮೊಮ್ಮಗನ ಕೈಗೆ ಬಂದಿದೆ.

"ಮೇಸ್ತ್ರಿ, ನಾಲ್ಕೂ ಶಾಕ್ ತೆಗೆದು ಹೊಸದು ಹಾಕಿಬಿಡಿ. ಅಲ್ಲೇ ಅಂಗಡಿ ಸಾಲಲ್ಲಿ ಉದ್ದ ಕೊಳವೇದು ಸಿಗುತ್ತಲ್ಲ?"

"ಸ್ವಲ್ಪ ಇರಿ ಸಾರ್" ಎನ್ನುತ್ತ ಮೇಸ್ತ್ರಿ ಬನಿಯನ್ ವೇಸ್ಟ್ ತಗೊಂಡು ಶಾಕಿನ ಮೈಗೆ ಮೆತ್ತಿದ ಜಿಡ್ಡನ್ನು ಒರೆಸತೊಡಗುತ್ತಾರೆ.

ಈಗಿನ ಕಾರುಗಳ ಕೊಳವೆಯಂಥ ಶಾಕ್ ಅಬ್ಸಾರ್ಬರ್ ಅಲ್ಲ ಇದು. ಎರಕದ ದಪ್ಪ ಬಾಡಿ, ಒಳಗೆ ಪಿಸ್ಟನ್ನು, ಹೊರಕ್ಕೆ ಚಾಚಿದ ತೋಳು. ಚಕ್ರ ಏರಿಳಿದಾಗ ತೋಳು ಆಡುತ್ತದೆ, ಪಿಸ್ಟನ್ನು ಎಣ್ಣೆಯನ್ನು ಕಿರಿದಾದ ವಾಲ್ವ್ ಮೂಲಕ ನೂಕುತ್ತದೆ, ಸ್ಪ್ರಿಂಗಿನ ಕುಣಿತ ಎಣ್ಣೆಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸ್ ಇದನ್ನು 'ಬೇಬಿ ಹಿಂದೂಸ್ತಾನ್' ಎಂದು ಮಾರಿತು. ಮುಂಭಾಗದಲ್ಲಿ ಇಸಿಗೋನಿಸ್ ಒಂದು ಜಾಣತನ ಮಾಡಿದ್ದರು: ಶಾಕಿನ ತೋಳೇ ಚಕ್ರವನ್ನು ಮೇಲಿನಿಂದ ಹಿಡಿದಿರುವ ಆರ್ಮ್ ಕೂಡ ಹೌದು.

"ನೋಡಿ, ಮುಂದೆ ಕೊಳವೇದು ಹಾಕಿದ್ರೂ ಇದನ್ನ ತೆಗೆಯೋಕಾಗಲ್ಲ. ಚಕ್ರ ಹಿಡ್ಕೊಂಡಿರೋದೇ ಇದು" ಎಂದು ಮೇಸ್ತ್ರಿ ತೋಳಿನ ಮೇಲೆ ತಟ್ಟುತ್ತಾರೆ. ಹುಡುಗ ಬಗ್ಗಿ ನೋಡುತ್ತಾನೆ.

ಕೆಳಗಿನ ಆರ್ಮ್‌ಗೆ ಜಾಕಿ ಭದ್ರವಾಗಿ ಕೊಟ್ಟಾಗಿದೆ. ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ, ತಿರುಚಿ ನಿಂತ ಟಾರ್ಶನ್ ಬಾರಿನ ಬಲ ಸಣ್ಣದಲ್ಲ, ಜಾಕಿ ಜಾರಿದರೆ ಕೈ ಉಳಿಯದು. ಮೇಲಿನ ಕೀಲು ಬಿಡಿಸಿದ ಮೇಲೆ ತೋಳನ್ನು ನಿಧಾನವಾಗಿ ಎತ್ತಿ ಇಳಿಸುತ್ತಾರೆ. ಜೇನುತುಪ್ಪದಲ್ಲಿ ಸೌಟು ಆಡಿಸಿದಂತೆ ಎರಡೂ ಕಡೆ ಒಂದೇ ಸಮ ಬಿಗಿ ಇರಬೇಕು. ಇಲ್ಲಿ ನಡುವೆ ಒಂದಿಷ್ಟು ದೂರ ತೋಳು ಖಾಲಿ ಓಡುತ್ತದೆ. ಎಣ್ಣೆ ಇಳಿದಿದೆ, ಗಾಳಿ ಸೇರಿದೆ. ಶಾಕನ್ನು ಬಿಚ್ಚಿ ಹೊರತೆಗೆದು, ಅದರ ಎಣ್ಣೆ ಮುಚ್ಚಳದ ಸುತ್ತಲ ಮಣ್ಣನ್ನೆಲ್ಲ ಬ್ರಷ್ಷಿನಿಂದ ಉಜ್ಜಿದ ನಂತರವೇ ಅದನ್ನು ತಿರುಗಿಸುತ್ತಾರೆ; ಒಂದು ಮರಳಿನ ಕಣ ಒಳಗೆ ಬಿದ್ದರೂ ವಾಲ್ವ್ ಕೆಡುತ್ತದೆ. ಬಗ್ಗಿಸಿದಾಗ ಕಪ್ಪು ಗಸಿ ಸುರಿಯುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ತೆಳು ಶಾಕ್ ಆಯಿಲ್ ತುಂಬಿ, ಗುಳ್ಳೆ ಏಳುವುದು ನಿಲ್ಲುವವರೆಗೂ ತೋಳು ಆಡಿಸುತ್ತಾರೆ. ಬಿಗಿ ಮರಳಿ ಬಂದಿದೆ. ಶಾಫ್ಟಿನ ಸುತ್ತ ಒರೆಸಿ ಕಾಯುತ್ತಾರೆ, ಎಣ್ಣೆ ಜಿನುಗುವುದಿಲ್ಲ. ಇನ್ನೊಂದು ಬದಿಯದೂ ಹಾಗೆಯೇ.

"ಇವೆರಡು ಗಟ್ಟಿಮುಟ್ಟಾಗಿವೆ. ಬೋಲ್ಟ್ ಬಿಗಿ ನೋಡಿ ಹಾಕ್ತೀನಿ."

ಹಿಂದಿನವುಗಳ ಕತೆ ಬೇರೆ. ಹುಡುಗ ಗಾಡಿ ತಂದಾಗ ಡಿಕ್ಕಿ ಒತ್ತಿ ಬಿಟ್ಟು ನೋಡಿದ್ದನಂತೆ, ಒಂದೇ ಸಲ ಎದ್ದು ನಿಂತಿತಂತೆ. ಆ ಪರೀಕ್ಷೆಯನ್ನು ಪೂರ್ತಿ ನಂಬಬಾರದು. ಹಿಂದೆ ಇರುವುದು ಕಮಾನ್ ಪಟ್ಟಿ. ತುಕ್ಕು ಹಿಡಿದ ಪಟ್ಟಿಗಳು ಒಂದಕ್ಕೊಂದು ಉಜ್ಜಿಯೇ ಕುಣಿತವನ್ನು ತಡೆದು, ಸತ್ತ ಶಾಕನ್ನು ಬದುಕಿದೆಯೆಂದು ತೋರಿಸುತ್ತವೆ. ಬಿಚ್ಚಿ ವೈಸಿಗೆ ಸಿಕ್ಕಿಸಿದ ಬಲಗಡೆಯ ಶಾಕಿನ ತೋಳು ಮೇಲೆ ಕೆಳಗೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಅಲುಗುತ್ತದೆ. ಶಾಫ್ಟ್ ಸವೆದಿದೆ, ಅದು ಕೂತ ರಂಧ್ರವೂ ಅಗಲವಾಗಿದೆ. ಇದಕ್ಕೆ ಎಷ್ಟು ಹೊಸ ಆಯಿಲ್ ಸೀಲ್ ಹಾಕಿದರೂ ಸೋರುತ್ತದೆ.

"ತೊಳೆದು ಎಣ್ಣೆ ತುಂಬಿದ್ರೆ?" ಹುಡುಗನಿಗೆ ಈಗ ಹಳೆಯದರ ಮೇಲೆಯೇ ಆಸೆ ಹುಟ್ಟಿದೆ.

"ನಾಳೆನೇ ಖಾಲಿ ಆಗುತ್ತೆ. ಮಳೆ ರೋಡಲ್ಲಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ ಸಾರ್."

ಮೇಸ್ತ್ರಿಯ ಈ ಮಾತು ನನಗೆ ಪೂರ್ತಿ ಒಪ್ಪಿಗೆ. ಒರಿಜಿನಲ್ ಎಂಬ ಮೋಹಕ್ಕೆ ಸೋರುವ ಶಾಕಿನಲ್ಲೇ ಗಾಡಿ ಓಡಿಸುವುದುಂಟು. ಎದುರು ಬರುವ ಸ್ಕೂಟರಿನವನಿಗೆ ಆ ಮೋಹದಿಂದ ಏನೂ ಆಗಬೇಕಾದ್ದಿಲ್ಲ. ಹಾಗೆಂದು ವಯಸ್ಸೊಂದನ್ನೇ ನೋಡಿ ಒಳ್ಳೆಯ ಎರಕವನ್ನು ಎಸೆಯುವುದನ್ನೂ ನಾನು ಒಪ್ಪಲಾರೆ.

ತೀರ್ಮಾನವಾಯಿತು. ಮುಂದಿನ ಎರಡೂ ಉಳಿಯುತ್ತವೆ. ಹಿಂದೆ ಕೆಟ್ಟದ್ದು ಒಂದೇ ಆದರೂ ಜೋಡಿಯಾಗಿಯೇ ರೀಕಂಡಿಷನ್‌ಗೆ ಹೋಗಬೇಕು. ಒಂದು ಬದಿ ಬಿಗಿ, ಒಂದು ಬದಿ ಸಡಿಲವಾದರೆ ಗಾಡಿ ನೇರ ಓಡುವುದಿಲ್ಲ. ಲೇತಿನಲ್ಲಿ ರಂಧ್ರಕ್ಕೆ ಬುಷ್ ಕೂರಿಸಿ, ಹೊಸ ಶಾಫ್ಟು, ಹೊಸ ಸೀಲು ಹಾಕಿಸಿದರೆ ಅದೇ ಬಾಡಿ ಮತ್ತೆ ದುಡಿಯುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಒಂದು ಕೋರಿಕೆ: ಶಾಕಿಗೆ ಬ್ರೇಕ್ ಆಯಿಲ್ ಸುರಿಯಬೇಡಿ, ಸೀಲು ಹಾಳಾಗುತ್ತದೆ. ಬದಲಿಸಲೇಬೇಕಾಗಿ ಬಂದರೂ ಹಳೆಯ ಬಾಡಿಯನ್ನು ಗುಜರಿಗೆ ಹಾಕಬೇಡಿ. ರೀಕಂಡಿಷನ್ ಮಾಡುವವರಿಗೆ ಕೆಲಸ ಶುರುಮಾಡಲು ಬೇಕಾಗುವುದು ಅದೇ.