ಕೋಳಿಗೂಡಿನ ಒಳಗಣ ಏರ್ಪಾಡು

ಕೋಗಳಿ ಸೀಮೆಯ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿತ್ತಲಲ್ಲಿ ಕೋಳಿ ಸಾಕುವವರಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ. ಬೆಕ್ಕು ಮುಂಗುಸಿಗಳ ಭಯದಿಂದ ಗೂಡಿನ ಹೊರಗೋಡೆಯನ್ನು ಭದ್ರಪಡಿಸುವವರು ಒಳಗಣ ಏರ್ಪಾಡನ್ನೂ ಗಮನಿಸತಕ್ಕದ್ದು.

ಕೋಳಿಯು ಇರುಳಲ್ಲಿ ಎತ್ತರದ ಸ್ಥಳವನ್ನೇ ಹುಡುಕುವುದು. ಮೊಟ್ಟೆಯಿಡುವ ಪೆಟ್ಟಿಗೆಯು ಕೂರುವ ಅಡ್ಡಗೋಲಿಗಿಂತ ಮೇಲಿದ್ದರೆ ಅದರಲ್ಲಿಯೇ ಮಲಗಿ, ಹಿಕ್ಕೆಯಿಂದ ಮೊಟ್ಟೆಗಳನ್ನು ಕೆಡಿಸುವುದು. ಆದಕಾರಣ ಅಡ್ಡಗೋಲು ಪೆಟ್ಟಿಗೆಗಿಂತ ಎತ್ತರವಾಗಿರಬೇಕು. ಅಡ್ಡಗೋಲುಗಳೆಲ್ಲವೂ ಸಮಮಟ್ಟದಲ್ಲಿದ್ದರೆ ಮೇಲಣ ಸ್ಥಾನಕ್ಕಾಗಿ ಜಗಳವಿರದು. ಕೋಳಿಯೊಂದಕ್ಕೆ 8ರಿಂದ 10 ಅಂಗುಲ ಸ್ಥಳವೂ, ಎರಡು ಗೋಲುಗಳ ನಡುವೆ 12 ಅಂಗುಲ ಅಂತರವೂ ಬೇಕು. ಅಂಚು ನಯಗೊಳಿಸಿದ, 2 ಅಂಗುಲ ಅಗಲದ ಮರವು ಲೇಸು. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜದಂಥ ಭಾರದ ತಳಿಗೆ 2 ಅಡಿ ಎತ್ತರವು ಸಾಕು. ಯಾಕಂದರೆ ಹೆಚ್ಚು ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟಾಗುವುದು.

ನಮ್ಮ ಸೀಮೆಯ ಬೇಸಗೆಯು ಕಠಿಣವಾದದ್ದು. ಕೋಳಿಗಳ ತಲೆಗಿಂತ ಮೇಲೆ ಜಾಲರಿಯುಳ್ಳ ಗಾಳಿಕಿಂಡಿಗಳನ್ನಿಡಿರಿ. ಶುದ್ಧವಾದ ಮೊಟ್ಟೆಯು ಮಕ್ಕಳಿಗೆ ಆಹಾರವು, ಗೃಹಿಣಿಗೆ ಕೈಗಾಸು.